ಮನೆ ಬಾಡಿಗೆಗೆ ದುಡ್ಡು ಯಾರು ಕೊಡುತ್ತಾರೆ? ಮೈಸೂರಿನ ಆಶೋದಯ ಕಲಿಸಿದ ಲೆಕ್ಕ

[ದೃಶ್ಯ: ಮೈಸೂರು, ಸಂಜೆ, ಬಸ್ ನಿಲ್ದಾಣದ ಸುತ್ತಮುತ್ತ]

ನಮಸ್ಕಾರ. ರಾತ್ರಿಯೆಲ್ಲ ಬೀದಿಯಲ್ಲಿ ನಿಂತು ದುಡಿಯುವ ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಲೈಂಗಿಕ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಹೊತ್ತು ಅವರಿಗೆ ನಿದ್ದೆಯ ಹೊತ್ತು. ಎದ್ದು ಹೋದರೂ ಕ್ಯೂನಲ್ಲಿ ಯಾರಾದರೂ ಗುರುತು ಹಿಡಿದರೆ ಅನ್ನೋ ಭಯ. ಒಳಗೆ ಹೋದರೆ "ಗಂಡ ಬಂದಿಲ್ವಾ?" ಅನ್ನೋ ಪ್ರಶ್ನೆ. ಔಷಧಿ ಪುಕ್ಕಟೆಯಾಗಿಯೇ ಇದೆ. ಆದರೂ ಅವರ ಕೈಗೆ ಸಿಗುವುದಿಲ್ಲ.

ಇಂಥ ಕಡೆ ದುಡ್ಡು ಹಾಕುವುದು ಹೇಗೆ? ಇವತ್ತಿನ ವಿಷಯ ಅದೇ.

[ದೃಶ್ಯ: ಭಾರತದ ನಕ್ಷೆ, ಆರು ರಾಜ್ಯಗಳು]

2003ರಲ್ಲಿ ಗೇಟ್ಸ್ ಫೌಂಡೇಶನ್ ಎಚ್‌ಐವಿ ತಡೆಗಟ್ಟಲು 'ಆವಾಹನ್' ಅನ್ನೋ ಕಾರ್ಯಕ್ರಮ ಶುರು ಮಾಡಿತು. ಆರು ರಾಜ್ಯಗಳು, ಅದರಲ್ಲಿ ಕರ್ನಾಟಕವೂ ಒಂದು. ಮುಂದಿನ ವರ್ಷ ಮೈಸೂರಿನಲ್ಲೂ ಕೆಲಸ ಶುರುವಾಯಿತು. ಹಣ ಬಂದದ್ದು ಎಚ್‌ಐವಿ ಹೆಸರಿನಲ್ಲಿ. ಆದರೆ ಈ ಹೆಂಗಸರಿಗೆ ಎಚ್‌ಐವಿ ಅನ್ನೋದು ಎಂದೋ ಬರಬಹುದಾದ ಕಾಯಿಲೆ. ಪೊಲೀಸರ ಕಾಟ, ರೌಡಿಗಳ ಹೊಡೆತ ಇವತ್ತು ರಾತ್ರಿಯೇ ಬರುವಂಥದ್ದು.

ಇಲ್ಲೇ ಸ್ವಲ್ಪ ನಿಲ್ಲೋಣ. ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕರೆ ಅದನ್ನೇ ಸಾಕ್ಷಿ ಮಾಡಿಕೊಂಡು ಠಾಣೆಗೆ ಎಳೆದೊಯ್ದರೆ ಏನಾಗುತ್ತದೆ? ಮರುದಿನ ಅವರು ಬ್ಯಾಗಿನಲ್ಲಿ ಕಾಂಡೋಮ್ ಇಟ್ಟುಕೊಳ್ಳುವುದಿಲ್ಲ, ಅಷ್ಟೇ. ನೀವು ಲಾರಿಗಟ್ಟಲೆ ಹಂಚಿ, ಬಳಕೆಯಾಗುವುದಿಲ್ಲ. ಅಂದರೆ ಪೊಲೀಸರ ಕಾಟ ತಪ್ಪಿಸುವುದಕ್ಕೆ ಮಾಡಿದ ಖರ್ಚು ಆರೋಗ್ಯದ ಖರ್ಚೇ. ಕಾಂಡೋಮ್ ಇಟ್ಟುಕೊಂಡಿದ್ದನ್ನು ಅಪರಾಧದ ಸಾಕ್ಷಿಯಾಗಿ ನೋಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ ತಿಂಗಳಲ್ಲಿ. ಬೀದಿಯಲ್ಲಿದ್ದವರಿಗೆ ಅದು ಎಷ್ಟೋ ವರ್ಷ ಮೊದಲೇ ಗೊತ್ತಿತ್ತು.

[ದೃಶ್ಯ: ಬಾಗಿಲ ಬಳಿ ಸಾಲಾಗಿ ಚಪ್ಪಲಿಗಳು]

ಮೈಸೂರಿನಲ್ಲಿ ಕೆಲಸ ಶುರುವಾದ ಆ ದಿನಗಳಲ್ಲೇ ಎದ್ದು ನಿಂತದ್ದು ಆಶೋದಯ ಸಮಿತಿ. ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿ, ಅವರೇ ನಡೆಸುವ ಸಂಸ್ಥೆ. ಒಂದು ಮನೆ ಮಾಡಿದರು. ಡಿಐಸಿ, ಅಂದರೆ ಡ್ರಾಪ್ ಇನ್ ಸೆಂಟರ್. ಹೆಸರು ದೊಡ್ಡದು, ವಿಷಯ ಸಣ್ಣದು. ಬಂದು ಸ್ನಾನ ಮಾಡಬಹುದು. ಕಾಲು ಚಾಚಿ ಮಲಗಬಹುದು. ಯಾರೂ "ಏಳು" ಅನ್ನಲ್ಲ. ಬೀದಿಯಲ್ಲಿ ಬದುಕುವವರಿಗೆ ಒಂದು ಬಕೆಟ್ ನೀರು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಚ್ಚಲು ಎಷ್ಟು ದೊಡ್ಡ ವಿಷಯ ಅಂತ ನಮ್ಮಂಥವರಿಗೆ ಬೇಗ ಹೊಳೆಯುವುದಿಲ್ಲ. ಸ್ನಾನಕ್ಕೆ ಬಂದವರು ಪಕ್ಕದಲ್ಲೇ ಇದ್ದ ಕ್ಲಿನಿಕ್ಕಿಗೂ ಬಂದರು. ಜೊತೆಗೆ ಕರೆದುಕೊಂಡು ಬಂದದ್ದು ಅದೇ ಕೆಲಸದಲ್ಲಿದ್ದ ಗೆಳತಿ, 'ಪಿಯರ್'. ಯಾರಿಗಾದರೂ ಪೆಟ್ಟು ಬಿದ್ದರೆ, ಯಾರನ್ನಾದರೂ ಠಾಣೆಗೆ ಒಯ್ದರೆ, ಓಡಿ ಹೋಗುವುದಕ್ಕೂ ಅವರದೇ ತಂಡ.

ಫಲ ಏನು? 2004ರಲ್ಲೂ 2006ರಲ್ಲೂ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರ ಸಮೀಕ್ಷೆ ನಡೆಯಿತು. ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ, ಔಷಧಿಯಿಂದ ವಾಸಿಯಾಗುವ ಕಾಯಿಲೆ, ಇದ್ದವರು ನೂರಕ್ಕೆ 25 ಇದ್ದದ್ದು 12ಕ್ಕೆ ಇಳಿದಿತ್ತು. ಎಚ್‌ಐವಿ ಇದ್ದವರು ನೂರಕ್ಕೆ 26 ಇದ್ದದ್ದು 24 ಆಗಿತ್ತು, ಹೆಚ್ಚೂಕಡಿಮೆ ಹಾಗೇ ಇತ್ತು. ಒಮ್ಮೆ ಬಂದ ಎಚ್‌ಐವಿ ಹೋಗುವುದಿಲ್ಲ ಅಲ್ವಾ, ಎರಡೇ ವರ್ಷದಲ್ಲಿ ಅದು ಧಡಕ್ಕನೆ ಇಳಿಯುವುದೂ ಇಲ್ಲ. ಆದರೆ ಸಿಫಿಲಿಸ್ ಅರ್ಧಕ್ಕಿಳಿದದ್ದು ಸಣ್ಣ ಮಾತಲ್ಲ. 2008ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆಶೋದಯದವರು ಒಂದು ಹೋಟೆಲ್ ಕೂಡ ಶುರು ಮಾಡಿದರು. ಇವರು ಮುಟ್ಟಿದ್ದನ್ನು ತಿನ್ನಲ್ಲ ಅನ್ನುತ್ತಿದ್ದ ಊರಿನಲ್ಲೇ ಎಲೆ ಹಾಕಿ ಬಡಿಸಿದರು. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

[ದೃಶ್ಯ: ಖರ್ಚಿನ ಪಟ್ಟಿ, ಬಾಡಿಗೆಯ ಸಾಲಿನ ಮೇಲೆ ಬೆರಳು]

ಈಗ ಹಣದ ಮಾತು. ಆವಾಹನ್ ಕೆಲಸವನ್ನು ಹಂತ ಹಂತವಾಗಿ ಸರ್ಕಾರಕ್ಕೆ ವಹಿಸಿಕೊಟ್ಟರು. ಅದು ಸರಿಯಾದ ದಾರಿಯೇ, ಹೊರಗಿನ ದುಡ್ಡು ಎಷ್ಟು ದಿನ ಅಂತ ಇರುತ್ತದೆ? ಆದರೆ ಎಷ್ಟು ಜನರನ್ನು ಭೇಟಿ ಮಾಡಿದಿರಿ, ಎಷ್ಟು ಟೆಸ್ಟ್ ಆಯಿತು ಅನ್ನೋದನ್ನು ಎಣಿಸುವುದು ಸುಲಭ. ಬಚ್ಚಲ ಚಿಲಕವನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ದಾರಿಗಳೂ ಕಿರಿದಾಗಿವೆ. ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾಯ್ದೆ. ಅದರ 2020ರ ತಿದ್ದುಪಡಿಯ ನಂತರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ದೊಡ್ಡ ಸಂಸ್ಥೆಯಿಂದ ಸಣ್ಣ ಸಂಘಕ್ಕೆ ಹಣ ಹರಿಯುತ್ತಿದ್ದ ಕಾಲುವೆಯೇ ಮುಚ್ಚಿತು. ಆಡಳಿತ ವೆಚ್ಚದ ಮಿತಿಯೂ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಸರಿ, ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಸಮಾಜದ ಕೆಲಸಕ್ಕೆ ಅವು ಎತ್ತಿಡುವ ಹಣ, ಇದೆಯಲ್ಲ ಅಂದರೆ, ಅಲ್ಲಿ ಸಾಮಾನ್ಯವಾಗಿ ಹೊರಗಿನ ಸಂಸ್ಥೆಗೆ ಮೂರು ವರ್ಷದ ಕೆಲಸದ ದಾಖಲೆ ಬೇಕು. ಹೊಸದಾಗಿ ಕೂಡಿಕೊಂಡ ಹತ್ತು ಹೆಂಗಸರು ಆ ಮೂರು ವರ್ಷವನ್ನು ಯಾರ ದುಡ್ಡಲ್ಲಿ ಕಳೆಯಬೇಕು?

ಷರತ್ತಿಲ್ಲದ ಹಣ ಕೊಡುವುದು ನಮಗೇನೂ ಹೊಸದಲ್ಲ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಗ್ರಾಮ ಆರೋಗ್ಯ ಸಮಿತಿಗಳಿಗೆ ವರ್ಷಕ್ಕೆ 10,000 ರೂಪಾಯಿವರೆಗೆ 'ಅನ್‌ಟೈಡ್ ಫಂಡ್' ಇಟ್ಟರು. ಎಲ್ಲಿ ಖರ್ಚು ಮಾಡಬೇಕು ಅಂತ ಊರಿನವರೇ ಕೂತು ತೀರ್ಮಾನಿಸಬೇಕು. ಮೊತ್ತ ಸಣ್ಣದು, ಯೋಚನೆ ಸರಿಯಾದದ್ದು. ಅದನ್ನೇ ಲೈಂಗಿಕ ಕಾರ್ಯಕರ್ತೆಯರ, ಟ್ರಾನ್ಸ್‌ಜೆಂಡರ್ ಸಮುದಾಯದ, ಪೌರಕಾರ್ಮಿಕರ ಸಂಘಗಳಿಗೂ ಯಾಕೆ ಕೊಡಬಾರದು? ಲೆಕ್ಕ ಕೇಳಿ, ಖಂಡಿತ ಕೇಳಿ. ಆದರೆ ಯಾವುದಕ್ಕೆ ಖರ್ಚು ಅನ್ನೋದನ್ನು ಅವರಿಗೇ ಬಿಡಿ.

ನಿಮ್ಮ ಕಂಪನಿಯಲ್ಲಿ ಸಿಎಸ್‌ಆರ್ ನೋಡಿಕೊಳ್ಳುವವರು ನಿಮಗೆ ಗೊತ್ತಿದ್ದರೆ, ಅವರ ಅರ್ಜಿ ಫಾರಂ ಒಮ್ಮೆ ತರಿಸಿ ಓದಿ. ಅದರಲ್ಲಿ ಇಂಥ ಮನೆಯ ಬಾಡಿಗೆಗೆ ಅಂತ ಒಂದು ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ, ಅವರು ಏನು ಹೇಳಿದರು ಅಂತ ಕೆಳಗೆ ಬರೆಯಿರಿ.