ಏನಿದೆ ಎಂದಿರಿ, ಎಷ್ಟು ಒತ್ತಡದಲ್ಲಿದೆ ಎಂದಿರಾ?

ನಮಸ್ಕಾರ. ಕಳೆದ ಸಂಚಿಕೆಗೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ನನ್ನ ನಿದ್ದೆಗೆಡಿಸಿದೆ. "ಗುರು, ಶನಿ ಎಂದರೆ ಹೈಡ್ರೋಜನ್ ಮತ್ತು ಹೀಲಿಯಂ, ಉಂಗುರ ಎಂದರೆ ಮಂಜುಗಡ್ಡೆ, ಇಷ್ಟಕ್ಕೆ ಅರ್ಧ ಗಂಟೆಯ ಮಾತೇಕೆ? ಬರೀ ಅನಿಲವಾದ್ದರಿಂದ ನೌಕೆಯೊಂದು ಈ ಕಡೆ ಹೊಕ್ಕು ಆ ಕಡೆ ಹೊರಬರಬಹುದು" ಎಂದು ವೀಕ್ಷಕ ಮಹಾಶಯರೊಬ್ಬರು ಬರೆದಿದ್ದಾರೆ, ಮೆಚ್ಚುಗೆಗಳೂ ಧಾರಾಳವಾಗಿ ಬಿದ್ದಿವೆ. ಅವರ ಮೊದಲ ಮಾತಿನಲ್ಲಿ ದೊಡ್ಡ ತಪ್ಪಿಲ್ಲ, ಅದೇ ನನ್ನ ಸಂಕಟ. ದ್ರವ್ಯದ ಹೆಸರನ್ನಷ್ಟೇ ಹೇಳಿ, ಅದು ಎಷ್ಟು ಒತ್ತಡದಲ್ಲಿ, ಎಷ್ಟು ಶಾಖದಲ್ಲಿ ಇದೆ ಎಂಬುದನ್ನು ಬಿಟ್ಟುಬಿಟ್ಟರೆ ಗ್ರಹದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಇಂದು ನಾನು ಹೇಳುವುದು ಇದೊಂದನ್ನೇ, ಅದನ್ನೂ ನಿಮಗೆ ಬೇಸರವಾಗುವಷ್ಟು ಸಲ.

ಹೊಕ್ಕು ನೋಡುವ ಪ್ರಯತ್ನ ಆಗಲೇ ನಡೆದಿದೆ. 1995ರ ಡಿಸೆಂಬರ್ 7ರಂದು ಗೆಲಿಲಿಯೊ ನೌಕೆಯ ಶೋಧಕವು ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಗುರುವಿನ ವಾತಾವರಣಕ್ಕೆ ನುಗ್ಗಿ, ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತ, ಸುಮಾರು ಒಂದು ಗಂಟೆ ಕಾಲ ಮಾಹಿತಿ ಕಳಿಸಿತು. ನಮ್ಮ ವಾಯುಭಾರದ 22 ಪಟ್ಟು ಒತ್ತಡವಿದ್ದ ಆಳದಲ್ಲಿ ಅದರ ಸದ್ದಡಗಿತು. ಅಷ್ಟರಲ್ಲಿ ಅದು ಇಳಿದದ್ದು ಸುಮಾರು 150 ಕಿ.ಮೀ.; ಗುರುವಿನ ತ್ರಿಜ್ಯವಾದರೋ ಸುಮಾರು 70,000 ಕಿ.ಮೀ. ಆ ಕಡೆಯಿಂದ ಹೊರಬರುವ ನೌಕೆಯ ನಕ್ಷೆ ಆ ಮಹಾಶಯರ ಬಳಿ ಇದ್ದರೆ ದಯಮಾಡಿ ಯಾವುದಾದರೂ ಬಾಹ್ಯಾಕಾಶ ಸಂಸ್ಥೆಗೆ ಕಳಿಸಿಕೊಡಲಿ.

ಇನ್ನೂ ಕೆಳಗೆ ಇಳಿಯೋಣ. ಇಲ್ಲಿಗೆ ಅನಿಲ ಮುಗಿಯಿತು, ಇಲ್ಲಿಂದ ದ್ರವ ಮೊದಲಾಯಿತು ಎಂದು ಗೆರೆ ಎಳೆಯಲಾಗದಂತೆ ಹೈಡ್ರೋಜನ್ ದಟ್ಟವಾಗುತ್ತ ಹೋಗುತ್ತದೆ, ಮತ್ತು ಒತ್ತಡವು ಹತ್ತು ಲಕ್ಷ ವಾಯುಭಾರವನ್ನು ಮೀರಿದ ಮೇಲೆ ಅದರ ಎಲೆಕ್ಟ್ರಾನುಗಳು ತಮ್ಮ ಅಣುಗಳ ಹಿಡಿತದಿಂದ ಬಿಡಿಸಿಕೊಂಡು ಲೋಹದಲ್ಲಿ ಹರಿಯುವಂತೆ ಹರಿಯತೊಡಗುತ್ತವೆ. ಒತ್ತಿದರೆ ಹೈಡ್ರೋಜನ್ ಲೋಹವಾದೀತೆಂದು ಭೌತವಿಜ್ಞಾನಿಗಳಾದ ವಿಗ್ನರ್ ಮತ್ತು ಹಂಟಿಂಗ್ಟನ್ 1935ರಲ್ಲೇ ಲೆಕ್ಕ ಹಾಕಿದ್ದರು. ಗುರುವಿನ ಒಟ್ಟು ದ್ರವ್ಯದಲ್ಲಿ ಹೆಚ್ಚಿನ ಪಾಲು ಈ ದ್ರವಲೋಹದ ವಲಯದಲ್ಲಿದೆ; ಅದರ ಬೃಹತ್ ಕಾಂತಕ್ಷೇತ್ರ ಹುಟ್ಟುವುದೂ ಅಲ್ಲಿಯೇ. ದ್ರವ್ಯಗಳ ಹೆಸರಿನ ಪಟ್ಟಿಯಲ್ಲಿ ಮಾತ್ರ ಅದು ಅದೇ ಹೈಡ್ರೋಜನ್. ಪೆನ್ಸಿಲ್ಲಿನ ಗ್ರಾಫೈಟೂ ಇಂಗಾಲ, ವಜ್ರವೂ ಇಂಗಾಲ ಎಂದು ಹೇಳಿ ಇವರು ಅಕ್ಕಸಾಲಿಗನ ಮುಂದೆ ಪೆನ್ಸಿಲ್ ಇಟ್ಟು ಬರುತ್ತಾರೆಯೇ?

ಹೀಲಿಯಂ ಕಥೆ ಇನ್ನೂ ಸೊಗಸು. ಆ ಒತ್ತಡದಲ್ಲಿ ಅದು ಹೈಡ್ರೋಜನ್ನಿನ ಜೊತೆ ಬೆರೆಯಲೊಲ್ಲದೆ ಹನಿಯಾಗಿ ಬೇರ್ಪಟ್ಟು ಆಳಕ್ಕೆ ಮಳೆಯಂತೆ ಸುರಿಯುತ್ತದೆ ಎಂದು ವಿಜ್ಞಾನಿಗಳು ಊಹಿಸಿದ್ದಾರೆ. ಗೆಲಿಲಿಯೊ ಶೋಧಕವು ಗುರುವಿನಲ್ಲಿ ನಿಯಾನ್ ಎಂಬ ಅನಿಲ ನಿರೀಕ್ಷೆಗಿಂತ ಬಹಳ ಕಡಿಮೆ ಇರುವುದನ್ನು ಕಂಡಿತು. ಹೀಲಿಯಂ ಹನಿಗಳಲ್ಲಿ ಕರಗಿ ನಿಯಾನ್ ಕೆಳಗಿಳಿದಿದೆ ಎಂಬುದು ಅದಕ್ಕೆ ಇರುವ ಒಳ್ಳೆಯ ವಿವರಣೆ. ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರಿಗೆ ಈ ಮಳೆ ಕಾಣುವುದೇ ಇಲ್ಲ.

(ಈ ವಾಹಿನಿಗೆ ಇನ್ನೂ ಚಂದಾದಾರರಾಗದೆ ಇಷ್ಟು ಹೊತ್ತು ಪುಕ್ಕಟೆ ಕೇಳಿಸಿಕೊಂಡವರು ಈಗಲಾದರೂ ಗಂಟೆಯ ಗುರುತನ್ನು ಒತ್ತಬಹುದು. ಒತ್ತಡದ ಮಹತ್ವ ತಿಳಿಯಲು ಅದೂ ಒಂದು ದಾರಿ.)

"ಶನಿಯ ಸಾಂದ್ರತೆ ನೀರಿಗಿಂತ ಕಡಿಮೆ, ಅದು ತೇಲುತ್ತದೆ, ಆದ್ದರಿಂದ ಅದು ಹಗುರವಾದ ಅನಿಲವೇ" ಎಂದು ವಾದಿಸುವವರಿದ್ದಾರೆ. ಘನ ಸೆಂಟಿಮೀಟರಿಗೆ ಸುಮಾರು 0.69 ಗ್ರಾಂ ಎಂಬುದು ಸರಾಸರಿ, ಸ್ವಾಮಿ, ಸರಾಸರಿ! ಒಳಗೆ ಹೋದಂತೆ ಅದು ನೀರನ್ನು ಮೀರಿಸುವಷ್ಟು ದಟ್ಟವಾಗುತ್ತದೆ. ಶನಿಯನ್ನು ತೇಲಿಸುವಷ್ಟು ದೊಡ್ಡ ಸಮುದ್ರವನ್ನು ಇವರು ಎಲ್ಲಿಂದ ತರುತ್ತಾರೋ ನಾನು ಕೇಳಲಾರೆ. ಆ ಒಡಲಿನ ಸುದ್ದಿಯನ್ನು ನಮಗೆ ಕೊಟ್ಟದ್ದು ಉಂಗುರಗಳು: ಗ್ರಹದ ಒಳಗಿನ ಕಂಪನಗಳಿಂದ ಶನಿಯ ಒಳ ಉಂಗುರಗಳಲ್ಲೊಂದಾದ ಸಿ ಉಂಗುರದಲ್ಲಿ ಎದ್ದ ಅಲೆಗಳನ್ನು, ಶನಿಯನ್ನು ಸುತ್ತುತ್ತಿದ್ದ ಕಸೀನಿ ನೌಕೆ ದಾಖಲಿಸಿತು. 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಶನಿಯ ತಿರುಳು ಗಟ್ಟಿ ಗುಂಡಲ್ಲ. ಬಂಡೆ, ಮಂಜು, ಹೈಡ್ರೋಜನ್, ಹೀಲಿಯಂಗಳು ಕಲೆತು ತ್ರಿಜ್ಯದ ಸುಮಾರು 60 ಶೇಕಡಾವರೆಗೆ ಹರಡಿಕೊಂಡ ರಾಶಿ.

ಹಾಗಾದರೆ ಉಂಗುರಗಳಿಗೆ ಒತ್ತಡವೆಲ್ಲಿ ಎಂದು ನನ್ನನ್ನು ಸಿಕ್ಕಿಹಾಕಿಸಲು ನೋಡುವವರಿಗೆ ಉತ್ತರ: ಅಲ್ಲಿ ಒತ್ತಡವಿಲ್ಲ, ಚಳಿಯಿದೆ. ಸೊನ್ನೆಗಿಂತ 150 ಡಿಗ್ರಿಗೂ ಕೆಳಗಿನ ಆ ಚಳಿಯಿಂದಲೇ ನೀರು ನಿರ್ವಾತದಲ್ಲಿ ಆವಿಯಾಗಿ ಹಾರಿಹೋಗದೆ, ಧೂಳಿನ ಕಣದಿಂದ ಮನೆಯಷ್ಟು ದೊಡ್ಡ ಗಡ್ಡೆಯವರೆಗೆ, ಗಟ್ಟಿಯಾಗಿ ಉಳಿದಿದೆ. ಉಂಗುರ ಒಂದೇ ಗಟ್ಟಿ ತಟ್ಟೆಯಾಗಿರಲು ಸಾಧ್ಯವಿಲ್ಲವೆಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1859ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತದಿಂದ ತೋರಿಸಿದರು. ಗಟ್ಟಿ ತಟ್ಟೆಯಲ್ಲಿ ಸಾಧ್ಯವೇ ಇಲ್ಲದಂತೆ, ಒಳಭಾಗವು ಹೊರಭಾಗಕ್ಕಿಂತ ವೇಗವಾಗಿ ಸುತ್ತುವುದನ್ನು ಖಗೋಳವಿಜ್ಞಾನಿ ಕೀಲರ್ 1895ರಲ್ಲಿ ವರ್ಣಪಟಲದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಉಂಗುರದ ಬೆಳಕಿನಲ್ಲಿ, ಕಂಡರು. ಗುರುವಿನ ಉಂಗುರ ಮಂಜಿನದಲ್ಲ, ಪುಟ್ಟ ಚಂದ್ರರಿಂದ ಸಿಡಿದ ಧೂಳಿನದು. ಯುರೇನಸ್ಸಿನದು ಕಡುಕಪ್ಪು. ಆ ಯುರೇನಸ್ಸಿನ ಒಳಗೂ ಹೇರಳವಾಗಿ ನೀರಿದೆ, ಆದರೆ ಅದು ಸಾವಿರಾರು ಡಿಗ್ರಿ ಶಾಖದಲ್ಲಿ ಹಿಂಡಿದ ದ್ರವ. ಶನಿಯ ಉಂಗುರದಲ್ಲಿಯೂ ನೀರು, ಯುರೇನಸ್ಸಿನ ಗರ್ಭದಲ್ಲಿಯೂ ನೀರು! ಎರಡನ್ನೂ "ನೀರು" ಎಂದು ಬರೆದು ಕೈ ತೊಳೆದುಕೊಳ್ಳುವವರಿಗೆ ನಾನು ಏನೆಂದು ಹೇಳಲಿ?

"ಮಕ್ಕಳಿಗೆ ಸರಳವಾಗಿ ಹೇಳಬೇಕಲ್ಲ" ಎನ್ನುತ್ತೀರಿ. ಹಿಂಡುವುದೆಂದರೆ ಏನೆಂದು ತಿಳಿಯದ ಮಗುವನ್ನು ನಾನಿನ್ನೂ ಕಂಡಿಲ್ಲ. ಒತ್ತಡ ಹೇಳಿ, ಶಾಖ ಹೇಳಿ, ಆಮೇಲೆ ಹೆಸರು ಹೇಳಿ. ಏಕೆ ಎಂದರೆ, ಹಾಗೆಯೇ ಹೇಳಬೇಕು, ಅದಕ್ಕೆ! ಮುಂದಿನ ವಾರ ನೆಪ್ಚೂನಿನ ಉಂಗುರದಲ್ಲಿ ಧೂಳು ಕಮಾನುಗಳಾಗಿ ಗುಂಪುಗೂಡಿರುವುದರ ಕುರಿತು ಇದಕ್ಕಿಂತ ದೊಡ್ಡ ಜಗಳವಿದೆ, ತಪ್ಪದೆ ಬನ್ನಿ.