ಬಣ್ಣ ಹೋದರೂ ಉಳಿದ ಹೆಸರು

ಕೇಳುಗರೇ, ನಮಸ್ಕಾರ.

ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗೆ ಹೋದರೆ ನೆಂಟರು ತಪ್ಪದೆ ಕೇಳುವ ಮಾತೊಂದಿದೆ: “ಗ್ರೀನ್ ಕಾರ್ಡ್ ಬಂತೇ?” ಆ ದೇಶದಲ್ಲಿ ಕಾಯಂ ಆಗಿ ನೆಲೆಸಿ ದುಡಿಯಲು ಕೊಡುವ ಗುರುತುಪತ್ರ ಅದು. ಕಾನೂನಿನಲ್ಲಿ ಅದರ ಹೆಸರೇ ಬೇರೆ. ‘ಗ್ರೀನ್ ಕಾರ್ಡ್’ ಎಂದು ಕರೆದವರು ಜನ.

1940ರಲ್ಲಿ, ಯುರೋಪಿನಲ್ಲಿ ಯುದ್ಧ ನಡೆದಿದ್ದಾಗ, ತನ್ನ ನೆಲದಲ್ಲಿರುವ ಪರದೇಶೀಯರೆಲ್ಲ ಹೆಸರು ನೋಂದಾಯಿಸಬೇಕೆಂದು ಅಮೆರಿಕ ಕಾನೂನು ಮಾಡಿತು. 14 ವರ್ಷ ತುಂಬಿದವರು ಅಂಚೆ ಕಚೇರಿಗೆ ಹೋಗಿ ಬೆರಳಚ್ಚು ಒತ್ತಬೇಕಿತ್ತು. ಆಮೇಲೆ ಕೈಗೆ ಸಿಗುತ್ತಿದ್ದುದು ಬರಿಯ ರಸೀದಿ. ಸಕ್ರಮವಾಗಿ ಬಂದವರಿಗೂ ಅಕ್ರಮವಾಗಿ ಬಂದವರಿಗೂ ಒಂದೇ ಬಗೆಯ ಚೀಟಿ. ಯುದ್ಧ ಮುಗಿದ ಮೇಲೆ ವಲಸೆ ಇಲಾಖೆ ಒಬ್ಬೊಬ್ಬರ ಸ್ಥಿತಿಗೆ ತಕ್ಕ ಚೀಟಿ ಕೊಡತೊಡಗಿತು. ಕಾಯಂ ನಿವಾಸಿಗಳ ಪಾಲಿಗೆ ಬಂದದ್ದು ಐ-151 ಎಂಬ ಹಸಿರು ಬಣ್ಣದ ಕಾರ್ಡು. ಆದರೂ ಅದರ ಹೆಸರಿನಲ್ಲಿ ‘ಪರದೇಶೀಯರ ನೋಂದಣಿ ರಸೀದಿ’ ಎಂಬ ಹಳೆಯ ಮಾತೇ ಉಳಿದಿತ್ತು. ಹುಟ್ಟೂರು ಬಿಟ್ಟು ಸಮುದ್ರ ದಾಟಿ ಬಂದವರಿಗೆ ಕಾಲೂರಲು ನೆಲೆ ಕೊಟ್ಟ ಕಾಗದವನ್ನು ರಸೀದಿ ಎನ್ನಲು ಮನಸ್ಸು ಬಂದೀತೇ? ಕಣ್ಣಿಗೆ ಕಂಡ ಬಣ್ಣವನ್ನೇ ಅವರು ಹೆಸರಾಗಿಸಿಕೊಂಡರು. ಸರ್ಕಾರಿ ಹೆಸರಿಗಿಂತ ಅದೇ ಚೆಂದವೆಂದು ನನಗನ್ನಿಸುತ್ತದೆ.

1964ರಲ್ಲಿ ಕಾರ್ಡು ನಸುನೀಲಿಯಾಯಿತು. ನಕಲಿಯ ಕಾಟ ತಪ್ಪಿಸಲು ವಿನ್ಯಾಸ ಮತ್ತೆ ಮತ್ತೆ ಬದಲಾಯಿತು. ಹೆಸರು ಮಾತ್ರ ಕದಲಲಿಲ್ಲ. ಶಾಲೆಯ ಹಲಗೆಗೆ ಹಸಿರು ಬಣ್ಣ ಬಳಿದರೂ ನಾವು ಅದನ್ನು ಕರಿಹಲಗೆ ಎಂದೇ ಕರೆಯುತ್ತೇವಲ್ಲ, ಹಾಗೆ. ಕೊನೆಗೆ 2010ರಲ್ಲಿ ಸರ್ಕಾರವೇ ಕಾರ್ಡಿಗೆ ಹಸಿರು ಬಣ್ಣವನ್ನು ಮರಳಿ ತಂದಿತು.

ಇಂದು ನಮ್ಮವರ ಸಂಕಟವಿರುವುದು ಕಾಯುವುದರಲ್ಲಿ. ಉದ್ಯೋಗದ ದಾರಿಯಲ್ಲಿ ವರ್ಷಕ್ಕೆ ಸುಮಾರು 1,40,000 ಕಾರ್ಡುಗಳಿವೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡ 7ರ ಮಿತಿ. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ. ಹೀಗಾಗಿ ಸಾಲಿನಲ್ಲಿ ನಿಂತವರ ತಲೆ ನರೆಯುತ್ತಿದೆ. ತಂದೆ ತಾಯಿಯ ಜೊತೆ ಎಳೆಯ ವಯಸ್ಸಿನಲ್ಲಿ ಹೋದ ಮಕ್ಕಳು 21 ತುಂಬಿ, ಮಕ್ಕಳ ಲೆಕ್ಕಕ್ಕೆ ಬಾರದೆ, ಆ ಸಾಲಿನಿಂದಲೇ ಹೊರಬೀಳುತ್ತಿದ್ದಾರೆ. ಇದು ಅನ್ಯಾಯವೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಯಾವ ದಿನಾಂಕಕ್ಕಿಂತ ಮೊದಲು ಅರ್ಜಿ ಹಾಕಿದವರ ಸರದಿ ಬಂದಿದೆ ಎಂಬ ಪಟ್ಟಿ ಪ್ರತಿ ತಿಂಗಳೂ ಪ್ರಕಟವಾಗುತ್ತದೆ. ಕಾಯುತ್ತಿರುವ ಮನೆಗಳಲ್ಲಿ ಈಗ ಕೇಳುವ ಪ್ರಶ್ನೆ, “ಡೇಟ್ ಎಲ್ಲಿಗೆ ಬಂತು?”

ನಮಸ್ಕಾರ.