ಮೊದಲೇ ಹೊರಡಿ, ಮೂಡು ದಿಕ್ಕಿಗೆ ಹೊರಡಿ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಕೇಳುವವರು ಯಾರು ಎಂದು ನನಗೆ ಗೊತ್ತುಂಟು. ಚಾವಡಿಯಲ್ಲಿ ಕೂತು ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು, ಮಧ್ಯಾಹ್ನದ ಪದಾರ್ಥಕ್ಕೆ ಕಾಯಿ ತುರಿಯುವವರು. ನನಗೆ ಕೊಟ್ಟ ವಿಷಯ ಏನೆಂದರೆ, ಕಡಲ ಕಿನಾರೆಯ ರಿಸಾರ್ಟಿನಲ್ಲಿ ಇಳಿದುಕೊಂಡ ಪ್ರವಾಸಿಗರು ಚಂಡಮಾರುತ ಬಂದರೆ ಏನು ಮಾಡಬೇಕು ಎಂದು. "ನಾವು ರಿಸಾರ್ಟಿಗೆ ಹೋಗುವ ಜನವಾ ಮಾಷ್ಟ್ರೇ?" ಅಂತ ನೀವು ನಗಬಹುದು. ನೀವು ಹೋಗಲಿಕ್ಕಿಲ್ಲ. ಆದರೆ ನಿಮ್ಮ ಅಕ್ಕನ ಮಗ ಬೆಂಗಳೂರಿನಿಂದ ಬಂದು ನಮ್ಮ ಕಾಸರಗೋಡಿನ ಬೇಕಲದಲ್ಲಿ ರೂಮು ಮಾಡುತ್ತಾನೆ. ನಿಮ್ಮ ನೆರೆಮನೆಯ ಹುಡುಗಿ ಅಲ್ಲಿ ಹಾಸಿಗೆ ಬಟ್ಟೆ ಬದಲಿಸುವ ಕೆಲಸದಲ್ಲಿದ್ದಾಳೆ. ನಿಮ್ಮ ತಮ್ಮ ಅಲ್ಲೇ ರಿಕ್ಷಾ ಓಡಿಸುತ್ತಾನೆ. ಅವರ ಕಿವಿಗೆ ಈ ಮಾತು ಹಾಕಬೇಕಾದವರು ನೀವೇ.

ನಾನು ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಈಗ ಕಡಲ ಬದಿಯ ವಸತಿಗೃಹಗಳ ಕೆಲಸದವರಿಗೆ ಗಾಳಿ ಮಳೆಯ ಬಗ್ಗೆ ತರಬೇತಿ ಕೊಡುತ್ತಾ ತಿರುಗುತ್ತೇನೆ. ಎಲ್ಲಾ ಕಡೆ ನಾನು ಹೇಳುವುದು ಒಂದೇ ಮಾತು. ಇವತ್ತೂ ಅದನ್ನೇ ಹೇಳುತ್ತೇನೆ, ಬೇಸರ ಮಾಡಬೇಡಿ: ಮೊದಲೇ ಹೊರಡಿ, ಮೂಡು ದಿಕ್ಕಿಗೆ ಹೊರಡಿ. ಗಾಳಿ ಬರುವ ಮೊದಲು ಹೊರಡಿ. ಬಂದ ಮೇಲೆ ಹೊರಡಬೇಡಿ. ಇಷ್ಟೇ.

ಚಂಡಮಾರುತ ಎಂದರೆ ಒಡಿಶಾದವರಿಗೆ, ಆಂಧ್ರದವರಿಗೆ ಬರುವ ಕಷ್ಟ, ನಮ್ಮ ಪಡುವಣ ಕಡಲು ಸಾಧು ಎಂದು ನಾವು ಬಹಳ ಕಾಲ ನಂಬಿದ್ದೆವು. ನಾನೂ ಮಕ್ಕಳಿಗೆ ಹಾಗೇ ಪಾಠ ಮಾಡಿದ್ದೆ. 2017ರ ನವೆಂಬರ್ ಕೊನೆಯಲ್ಲಿ ಒಖಿ ಬಂತು. ಕೇರಳದ ತೆಂಕು ಭಾಗದ, ಕನ್ಯಾಕುಮಾರಿಯ ಎಷ್ಟೋ ಮೀನುಗಾರರು ಮನೆಗೆ ಮರಳಲಿಲ್ಲ. ಆಮೇಲೆ 2019ರಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ. 2021ರ ಮೇ ತಿಂಗಳಲ್ಲಿ ತೌಕ್ತೆ. ಮಳೆಗಾಲದ ಮುಂಚೆ ಒಂದು ಸರದಿ, ಮಳೆಗಾಲ ಮುಗಿದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು ಸರದಿ. ಈಗ ಕ್ಯಾಲೆಂಡರ್ ನೋಡಿ. ಬೇಸಗೆ ರಜೆ ಯಾವಾಗ? ದೀಪಾವಳಿ, ಕ್ರಿಸ್‌ಮಸ್ ಯಾವಾಗ? ಗಾಳಿಗೂ ಪ್ರವಾಸಿಗರಿಗೂ ರಜೆ ಒಟ್ಟಿಗೇ.

ಅಮೆರಿಕದ ಕಡೆ ಹರಿಕೇನ್ ಅನ್ನುತ್ತಾರೆ, ಜಪಾನಿನ ಕಡೆ ಟೈಫೂನ್, ನಾವು ಸೈಕ್ಲೋನ್, ನಮ್ಮ ದೋಣಿಯವರು ತೂಫಾನು. ಹೆಸರು ನಾಲ್ಕು, ವಸ್ತು ಒಂದೇ. ಬಿಸಿಯಾದ ಕಡಲಿನ ನೀರಾವಿ ಮೇಲೇರುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ, ಭೂಮಿ ತಿರುಗುವುದರಿಂದ ಅದೂ ತಿರುಗುತ್ತದೆ. ಗಂಟೆಗೆ 62 ಕಿಲೋಮೀಟರ್ ವೇಗ ಮುಟ್ಟಿತೆಂದರೆ ಅದಕ್ಕೊಂದು ಹೆಸರಿಡುತ್ತಾರೆ. ಭೂಗೋಳ ಇವತ್ತಿಗೆ ಇಷ್ಟು ಸಾಕು.

ಇನ್ನು ಒಂದು ಕತೆ. ನನ್ನ ತರಬೇತಿಗೆ ಬಂದವರೆಲ್ಲ ಇದನ್ನು ಕೇಳಿ ಕೇಳಿ ಸಾಕಾಗಿದ್ದಾರೆ. ನೀವು ಕೇಳಿಲ್ಲವಲ್ಲ.

2019ರ ದೀಪಾವಳಿ. ನನ್ನ ಹೆಂಡತಿಯ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನ ಸಂಸಾರ, ಅವನ ಆಫೀಸಿನ ಇಬ್ಬರ ಸಂಸಾರ, ಮಕ್ಕಳು ಮರಿ ಸೇರಿ ಹನ್ನೊಂದು ಜನ. ಗುರುವಾರ ಸಂಜೆ ಬೇಕಲದ ಹತ್ತಿರದ ಒಂದು ರಿಸಾರ್ಟಿಗೆ ಬಂದಿಳಿದರು. ಬದಿಯಡ್ಕದಲ್ಲಿ ನಮ್ಮ ಮನೆ ಉಂಟು, ಹಬ್ಬ ಉಂಟು, ಅಲ್ಲಿಗೆ ಬರುವುದು ಬಿಟ್ಟು! ಅದಿರಲಿ. ಶುಕ್ರವಾರ, ಅಕ್ಟೋಬರ್ 25, ಮಧ್ಯಾಹ್ನ ನನ್ನ ಮೊಬೈಲಿಗೆ ಅವನದ್ದೊಂದು ಫೋಟೋ ಬಂತು. ತೆಂಗಿನ ಮರಗಳ ಅಡಿಯಲ್ಲಿ, ರಸ್ತೆಯ ಬುಡದವರೆಗೂ, ಸಾಲಾಗಿ ದೋಣಿಗಳು. ನೀಲಿ, ಹಳದಿ, ಹಸಿರು. ಕೆಳಗೆ "ಎಷ್ಟು ಚಂದ ಅಲ್ವಾ ಚಿಕ್ಕಪ್ಪ!" ಎಂದು ಬರೆದಿದ್ದ.

ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹದಿನಾಲ್ಕು ದೋಣಿ. ಒಂದಕ್ಕೂ ಎಂಜಿನ್ ಇಲ್ಲ, ಎಲ್ಲ ಬಿಚ್ಚಿ ಮನೆಗೆ ಒಯ್ದಿದ್ದಾರೆ. ಪ್ರತಿ ದೋಣಿಯನ್ನೂ ತೆಂಗಿನ ಬುಡಕ್ಕೆ ಎರಡು ಸುತ್ತು ಹಗ್ಗ ಹಾಕಿ ಕಟ್ಟಿದ್ದಾರೆ. ಮೀನು ಸಿಗುವ ಕಾಲದಲ್ಲಿ, ನಟ್ಟ ನಡುಹಗಲು, ಕಡಲನ್ನೇ ನಂಬಿ ಉಣ್ಣುವವರು ದೋಣಿಯನ್ನು ರಸ್ತೆಯವರೆಗೆ ಎಳೆದು ಕಟ್ಟಿದ್ದಾರೆಂದರೆ ಏನರ್ಥ ಮಾರಾಯ್ರೇ? ಹವಾಮಾನ ಇಲಾಖೆಯ ಎಚ್ಚರಿಕೆಯನ್ನೇ ಹುಡುಗ ಫೋಟೋ ತೆಗೆದು ನನಗೆ ಕಳಿಸಿದ್ದ!

ಕೂಡಲೇ ಫೋನ್ ಮಾಡಿದೆ. "ಮಗಾ, ಗಂಟುಮೂಟೆ ಕಟ್ಟು, ಎಲ್ಲರನ್ನೂ ಕರಕೊಂಡು ಮನೆಗೆ ಬಾ, ಹನ್ನೊಂದು ಜನಕ್ಕೆ ಚಾಪೆ ಉಂಟು" ಅಂದೆ. ಅವನು ಏನಂದ ಗೊತ್ತುಂಟಾ? "ಚಿಕ್ಕಪ್ಪ, ಸೀ ವ್ಯೂ ರೂಮು. ನಾನ್ ರಿಫಂಡೆಬಲ್ಲು." ಅಂದರೆ ದುಡ್ಡು ವಾಪಸು ಬರುವುದಿಲ್ಲ ಎಂದು.

ರಾತ್ರಿ ಹನ್ನೊಂದರ ಮೇಲೆ ಕರೆಂಟು ಹೋಯಿತು. ಜನರೇಟರ್ ಸ್ವಲ್ಪ ಹೊತ್ತು ಗುರುಗುಟ್ಟಿ ಅದೂ ನಿಂತಿತು. ಸೀ ವ್ಯೂ ಎಂದರೆ ಪಡುವಣಕ್ಕೆ ನೆಲದಿಂದ ಮಾಡಿನವರೆಗೆ ಒಂದೇ ಗಾಜಿನ ಜಾರುಬಾಗಿಲು. ಗಾಳಿ ಬಡಿದಾಗ ಆ ಗಾಜು ಉಸಿರಾಡಿದ ಹಾಗೆ ಒಳಕ್ಕೂ ಹೊರಕ್ಕೂ ಬಾಗುತ್ತಿತ್ತಂತೆ. ಮಕ್ಕಳು ಅದನ್ನೇ ನೋಡುತ್ತಾ ಕೂತಿದ್ದವು. ಆಗ ತೆಂಗಿನ ಮರದಿಂದ ಒಂದು ಒಣ ಮಡಲು ಹಾರಿ ಬಂದು ಬುಡದ ಕಡೆಯಿಂದ ಗಾಜಿಗೆ ಹೊಡೆಯಿತು. ಮಡಲಿನ ಬುಡ ಎಷ್ಟು ಭಾರ ಎಂದು ನಿಮಗೆ ನಾನು ಹೇಳಬೇಕಾ? ಕೋಣೆ ತುಂಬ ಗಾಜು, ಕತ್ತಲೆ, ಮಳೆ. ಓಡೋಣ ಎಂದರೆ ಚಪ್ಪಲಿ ಇಲ್ಲ. ಸಂಜೆ ಮರಳಲ್ಲಿ ಆಡಿ ಬಂದ ಹನ್ನೊಂದು ಜನರ ಚಪ್ಪಲಿಯೂ ಹೊರಗಿನ ಮೆಟ್ಟಿಲ ಮೇಲಿತ್ತು. ಮೆಟ್ಟಿಲ ತನಕ ನೀರು ಬಂದು ಹೋಗಿತ್ತು. ಆರು ವರ್ಷದ ಹುಡುಗಿಯ ಹಿಮ್ಮಡಿಗೆ ಗಾಜು ಹೊಕ್ಕಿತು.

ಅವರನ್ನು ಉಳಿಸಿದ್ದು ಮ್ಯಾನೇಜರ್ ಅಲ್ಲ. ಮ್ಯಾನೇಜರ್ ಫೋನಿಗೇ ಸಿಗಲಿಲ್ಲ. ರಾತ್ರಿ ಪಾಳಿಯಲ್ಲಿದ್ದ ಒಬ್ಬ ಹೆಂಗಸು, ಅಲ್ಲೇ ಮೀನುಗಾರರ ಕೇರಿಯವಳು. ಟಾರ್ಚು ಹಿಡಕೊಂಡು ಬಂದು, ಹುಡುಗಿಯನ್ನು ಸೊಂಟಕ್ಕೆ ಏರಿಸಿ, ಉಳಿದವರ ಕಾಲಡಿಗೆ ಕಂಬಳಿ ಹಾಸುತ್ತಾ, ಎಲ್ಲರನ್ನೂ ಬಟ್ಟೆ ಜೋಡಿಸಿಡುವ ಕೋಣೆಗೆ ಕರಕೊಂಡು ಹೋದಳು. ಕಟ್ಟಡದ ಹೊಟ್ಟೆಯೊಳಗಿನ ಕೋಣೆ ಅದು. ನಾಲ್ಕೂ ಕಡೆ ಮುರಕಲ್ಲಿನ ಗೋಡೆ, ಒಂದೇ ಒಂದು ಕಿಟಕಿ ಇಲ್ಲ. ಒಗೆದ ಹಾಸಿಗೆ ಬಟ್ಟೆಯ ರಾಶಿಯ ಮೇಲೆ ಬೆಳಗಾಗುವವರೆಗೆ ಕೂರಿಸಿದಳು. ಒಂದು ಗಂಟೆ ರಾತ್ರಿಗೆ ನಮ್ಮ ಹುಡುಗನಿಗೆ ಈಗ ಚಿಕ್ಕಪ್ಪನ ಮನೆ ನೆನಪಾಯಿತು. ಕಾರಿನ ಕೀ ಹಿಡಕೊಂಡು ಎದ್ದ. ಅವಳು ಬಾಗಿಲಿಗೆ ಅಡ್ಡ ನಿಂತಳು. "ಉಚ್ಚಕ್ಕ್ ತೋಣಿ ಕಯಟ್ಟುಂಬೋ ಪೋಗಣಮಾಯಿರುನ್ನು ಸಾರ್" ಅಂದಳಂತೆ. ಮಧ್ಯಾಹ್ನ ದೋಣಿ ಏರಿಸುವಾಗ ಹೋಗಬೇಕಿತ್ತು ಎಂದು. ಬೆಳಿಗ್ಗೆ ನೋಡಿದರೆ ಗೇಟಿನ ಹೊರಗೆ ಒಂದು ತೆಂಗಿನ ಮರ ಕರೆಂಟಿನ ತಂತಿಯನ್ನು ಅಪ್ಪಿಕೊಂಡು ರಸ್ತೆಗೆ ಅಡ್ಡ ಮಲಗಿತ್ತು.

ನನ್ನ ಪಾಠವನ್ನೆಲ್ಲ ಆ ಹೆಂಗಸು ಒಂದು ಮಾತಿನಲ್ಲಿ ಮುಗಿಸಿದ್ದಾಳೆ. ಮೊದಲೇ ಹೊರಡಬೇಕು. ಮೊದಲು ಹೊರಡದವನು ಆಮೇಲೆ ಹೊರಡಬಾರದು. ಕಿಟಕಿ ಇಲ್ಲದ ಒಳಕೋಣೆ ಹುಡುಕಬೇಕು.

ಇಷ್ಟೆಲ್ಲ ಮಾಡಿದ ಆ ಕ್ಯಾರ್ ನಮ್ಮ ಊರಿಗೆ ಬರಲೇ ಇಲ್ಲ ಎಂಬುದು ನೆನಪಿರಲಿ. ಅದು ಇದ್ದದ್ದು ದೂರ, ರತ್ನಾಗಿರಿಯ ಆಚೆ ಕಡಲಲ್ಲಿ. ಭಾನುವಾರದ ಹೊತ್ತಿಗೆ ಸೂಪರ್ ಸೈಕ್ಲೋನ್ ಆಯಿತು. 2007ರ ಗೋನು ಬಿಟ್ಟರೆ ಅರಬ್ಬೀ ಸಮುದ್ರದಲ್ಲಿ ಅಷ್ಟು ಬಲದ್ದು ಅದೇ. ಹಾಗೇ ಪಡುವಕ್ಕೆ ಸರಿದು ಕಡಲಲ್ಲೇ ಕರಗಿತು. ನಮಗೆ ತಾಗಿದ್ದು ಅದರ ಸೆರಗು ಮಾತ್ರ. ಕ್ಯಾರ್ ಎಂದರೆ ಮ್ಯಾನ್ಮಾರಿನ ಭಾಷೆಯಲ್ಲಿ ಹುಲಿ. ತೌಕ್ತೆಯೂ ಅವರೇ ಕೊಟ್ಟ ಹೆಸರು, ಅದಕ್ಕೆ ಅರ್ಥ ಹಲ್ಲಿ. ಹುಲಿ ದೂರದಿಂದಲೇ ಹೋಯಿತು, ಹಲ್ಲಿ ನಮ್ಮ ಗೋಡೆ ಸವರಿಕೊಂಡೇ ಹೋಯಿತು. ತೌಕ್ತೆಯ ದಿನಗಳಲ್ಲಿ ಉಪ್ಪಳದ ಕಡೆ ಕಡಲು ದಡವನ್ನು ಹೇಗೆ ತಿಂದಿತೆಂದು ನೀವೇ ನೋಡಿದ್ದೀರಿ. ಆಗ ಲಾಕ್‌ಡೌನ್ ಇತ್ತು, ರಿಸಾರ್ಟುಗಳು ಖಾಲಿ. ಆ ರೋಗದಿಂದ ಆದ ಉಪಕಾರ ಅದೊಂದೇ ಇರಬೇಕು.

ಸ್ಟುಡಿಯೋದ ಗಾಜಿನ ಆಚೆ ಕೂತ ತಂಗಿ ಸಮಯ ಆಯಿತೆಂದು ಕೈ ತೋರಿಸುತ್ತಿದ್ದಾಳೆ. ಕತೆ ಉದ್ದವಾಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸೆರಗು ಅಲ್ಲ, ಇಡೀ ಗಾಳಿಯೇ ರಿಸಾರ್ಟಿನ ಮೇಲೆ ಕೂತರೆ ಏನಾಗುತ್ತದೆ? 2005ರ ಅಕ್ಟೋಬರಿನಲ್ಲಿ ಮೆಕ್ಸಿಕೋ ದೇಶದ ಕಾನ್‌ಕೂನ್‌ನಲ್ಲಿ ಕೂತಿತು. ಕಡಲ ಅಂಚಿಗೆ ಹೋಟೆಲುಗಳ ಸಾಲೇ ಇರುವ ಊರು. ಆ ಹರಿಕೇನಿನ ಹೆಸರು ವಿಲ್ಮಾ. ಬಂದದ್ದು ಹೋಗಲೇ ಇಲ್ಲ, ಒಂದು ಹಗಲು ಒಂದು ರಾತ್ರಿ ದಾಟಿದರೂ ಅಲ್ಲೇ ಸುತ್ತಿತು. ಪಕ್ಕದ ಈಸ್ಲಾ ಮುಹೇರೆಸ್ ದ್ವೀಪದಲ್ಲಿ 24 ಗಂಟೆಯಲ್ಲಿ 1600 ಮಿಲಿಮೀಟರಿಗೂ ಹೆಚ್ಚು ಮಳೆ. ಕಾಸರಗೋಡಿನಲ್ಲಿ ಇಡೀ ವರ್ಷ ಸುರಿಯುವುದರ ಹೆಚ್ಚುಕಡಿಮೆ ಅರ್ಧ, ಒಂದೇ ದಿನದಲ್ಲಿ! ಸಾವಿರಾರು ಪ್ರವಾಸಿಗರು ಶಾಲೆಗಳ ನೆಲದ ಮೇಲೆ ಮಲಗಿದರು. ಗಾಳಿ ನಿಂತ ಮೇಲೂ ವಿಮಾನಕ್ಕಾಗಿ ದಿನಗಟ್ಟಲೆ ಕಾದರು. ಅವರು ನೋಡಲು ಬಂದಿದ್ದ ಬಿಳಿ ಮರಳನ್ನು ಕಡಲು ಹೊತ್ತುಕೊಂಡು ಹೋಗಿತ್ತು. ಆಮೇಲೆ ಕಡಲ ತಳದಿಂದ ಪಂಪು ಹಾಕಿ ಮರಳು ತಂದು ಸುರಿಯಬೇಕಾಯಿತು. ಗಾಳಿಗೆ ಮೊದಲೇ ವಿಮಾನ ಹತ್ತಿದವರು ಮನೆಯಲ್ಲಿ ಟಿವಿ ನೋಡುತ್ತಿದ್ದರು.

ನಾವು ಹೊರಡುವುದು ಯಾವಾಗ? ಹವಾಮಾನ ಇಲಾಖೆ ಚಂಡಮಾರುತದ ಹಳದಿ ಎಚ್ಚರಿಕೆ ಕೊಡುವಾಗ ಕೈಯಲ್ಲಿ 48 ಗಂಟೆ ಇರುತ್ತದೆ. ಕಿತ್ತಳೆ ಬಣ್ಣ ಬರುವಾಗ 24. ಕೆಂಪಿಗೆ ಕಾಯುವವನು ನಮ್ಮ ಹುಡುಗನ ಜಾತಿ. ಹಳದಿಗೇ ಹೊರಡಿ. ಮಳೆಗಾಲದಲ್ಲಿ ದಿನಾ ಬರುವ ಮಳೆಯ ಹಳದಿ ಅಲ್ಲ ಮತ್ತೆ, ಚಂಡಮಾರುತದ ಹಳದಿ. ಅದೂ ತಿಳಿಯದಿದ್ದರೆ ದೋಣಿ ನೋಡಿ. ದೋಣಿ ಮೇಲೇರಿದರೆ ನೀವೂ ಏರಿ.

ಎಲ್ಲಿಗೆ? ಮೂಡು ದಿಕ್ಕಿಗೆ. ನಮ್ಮ ರೈಲು, ನಮ್ಮ ರಾಷ್ಟ್ರೀಯ ಹೆದ್ದಾರಿ 66, ಎರಡೂ ಕಡಲಿನ ಉದ್ದಕ್ಕೇ ಓಡುತ್ತವೆ. ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ ಎಂದು ಹೊಳೆಗೊಂದು ಸೇತುವೆ. ಗಾಳಿಯ ದಿನ ಬಡಗಿಗೋ ತೆಂಕಿಗೋ ಓಡಿದರೆ ಕಡಲಿನ ಜೊತೆಗೇ ಓಡಿದ ಹಾಗೆ. ಪೊಯಿನಾಚಿಯಿಂದ ಬಂದಡ್ಕದ ಕಡೆಗೆ, ಚೆರ್ಕಳದಿಂದ ಜಾಲ್ಸೂರಿನ ಕಡೆಗೆ, ಕುಂಬಳೆಯಿಂದ ಬದಿಯಡ್ಕಕ್ಕೆ ತಿರುಗಿ. ಅರ್ಧ ಗಂಟೆ ಸಾಕು. ಗುಡ್ಡದ ಬುಡದಲ್ಲಿ, ಹೊಳೆ ಬದಿಯಲ್ಲಿ ಮಾತ್ರ ನಿಲ್ಲಬೇಡಿ.

ಗಾಳಿ ಎಲ್ಲಿದೆ ಎಂದು ತಿಳಿಯಬೇಕಾ? ಬೀಸುವ ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈ ಚಾಚಿ. ಚಂಡಮಾರುತದ ನಡು ಆ ಕಡೆಗಿದೆ. ತರಬೇತಿಗೆ ಬಂದ ಹುಡುಗರಿಗೆ ಇದೊಂದು ಬಹಳ ಇಷ್ಟ, ಎಲ್ಲರೂ ಎಡಗೈ ಚಾಚಿ ನಿಲ್ಲುತ್ತಾರೆ. ಇನ್ನೊಂದು, ಗಾಳಿ ಒಮ್ಮೆಲೇ ನಿಂತು ಆಕಾಶ ತೆರೆದರೆ ಸೆಲ್ಫಿಗೆ ಹೊರಗೆ ಓಡಬೇಡಿ. ಅದು ಚಂಡಮಾರುತದ ಕಣ್ಣು. ಸ್ವಲ್ಪ ಹೊತ್ತಿಗೆ ಆಚೆ ದಿಕ್ಕಿನಿಂದ ಅಷ್ಟೇ ಜೋರಾಗಿ ಬರುತ್ತದೆ.

ಗಾಳಿಯೇ ಇಲ್ಲದ ದಿನ ಕಡಲು ಉಕ್ಕುವುದೂ ಉಂಟು. ಮಲಯಾಳಿಗಳು ಕಳ್ಳಕಡಲ್ ಅನ್ನುತ್ತಾರೆ. ಅದಕ್ಕೆ ಬೇರೆಯೇ ಒಂದು ಭಾಷಣ ಬೇಕು, ಸಮಯ ಇಲ್ಲ.

ರಾತ್ರಿ ಮಲಗುವಾಗ ಚಪ್ಪಲಿ ಮಂಚದ ಪಕ್ಕ ಇರಲಿ. ಬಾತ್‌ರೂಮಿನ ಬಕೆಟ್ ತುಂಬಿಸಿಡಿ. ಔಷಧಿ, ಆಧಾರ್ ಕಾರ್ಡು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಜಿಲ್ಲಾ ಕಂಟ್ರೋಲ್ ರೂಮ್ 1077, ಬರೆದುಕೊಳ್ಳಿ, ಇಲ್ಲದಿದ್ದರೆ 112. ಹೋಟೆಲಿನಲ್ಲಿ ಕೋಣೆ ಹಿಡಿಯುವಾಗ ಬೆಳಗಿನ ತಿಂಡಿ ಎಷ್ಟು ಗಂಟೆಗೆ ಎಂದು ಕೇಳುತ್ತೀರಲ್ಲ, ಹಾಗೇ ಕಿಟಕಿ ಇಲ್ಲದ ಕೋಣೆ ಎಲ್ಲಿದೆ ಎಂದೂ ಕೇಳಿ. ನಗುತ್ತಾರೆ, ನಗಲಿ.

ನಮ್ಮ ಹುಡುಗ ಈಗ ಕಡಲಿಗೆ ಬಂದರೆ ಮೊದಲು ದೋಣಿಯ ಫೋಟೋ ಕಳಿಸುತ್ತಾನೆ. "ಎಂಜಿನ್ ಇದೆ ಚಿಕ್ಕಪ್ಪ, ಇನ್ನೊಂದು ದಿನ ಇರ್ಲಾ?" ಎಂದು ಕೇಳುತ್ತಾನೆ. ಇರು ಅನ್ನುತ್ತೇನೆ. ಒಂದು ಸಲ ಮಾತ್ರ ನಾನು ಹೇಳುವ ಮೊದಲೇ ಎಲ್ಲರನ್ನೂ ಕರಕೊಂಡು ಮನೆಗೆ ಬಂದ. ಆ ಸಲ ಗಾಳಿ ಬರಲೇ ಇಲ್ಲ. ಎರಡು ದಿನ ಅಡಿಕೆ ತೋಟ ನೋಡುತ್ತಾ ಕೂತು, ದುಡ್ಡು ದಂಡ ಎಂದು ಗೊಣಗಿದ. ಅವನ ಹೆಂಡತಿ ಮಕ್ಕಳು ಹಲಸಿನ ಹಪ್ಪಳ ತಿಂದುಕೊಂಡು ಸುಖವಾಗಿದ್ದರು.

ತಂಗಿ ಈಗ ಎದ್ದೇ ನಿಂತಿದ್ದಾಳೆ. ನಮಸ್ಕಾರ.